ಊರು ದಾಟಿದರೆ ಮೇಲ್ ಹೋಗುವುದಿಲ್ಲ: ಲ್ಯಾಪ್‌ಟಾಪ್‌ನಿಂದ ಎಲ್ಲಿದ್ದರೂ ಇಮೇಲ್ ಕಳಿಸುವ ಬಗೆ

ಪ್ರಶ್ನೆ: ನಾನು ದಾವಣಗೆರೆಯವನು. ಸಕ್ಕರೆ ಕಾರ್ಖಾನೆಗಳ ವೇಬ್ರಿಡ್ಜ್ ತಪಾಸಣೆ ಮಾಡಿ ವರದಿ ಕೊಡುವುದು ನನ್ನ ಕೆಲಸ. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಕೊಲ್ಹಾಪುರ ಎಂದು ಓಡಾಡುತ್ತಲೇ ಇರುತ್ತೇನೆ. ಆಗೊಮ್ಮೆ ಈಗೊಮ್ಮೆ ಮಸ್ಕತ್‌ಗೂ ಹೋಗಬೇಕಾಗುತ್ತದೆ. ನಮ್ಮ ಸಂಸ್ಥೆಯದೇ ಡೊಮೇನ್‌ನ ಇಮೇಲ್ ವಿಳಾಸವಿದೆ, ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಬಳಸುತ್ತೇನೆ. ಮನೆಯಲ್ಲಿ ಎಲ್ಲ ಸರಿ. ಲಾಡ್ಜ್‌ನ ವೈ-ಫೈನಲ್ಲಿ ಮೇಲ್ ಬರುತ್ತದೆ, ಹೋಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಹಾಗೆಯೇ. ಅದಕ್ಕೆ ನನ್ನ ಭಾವಮೈದುನ ಅವನ ಕಂಪನಿಯ ಸರ್ವರನ್ನು ಎರಡನೆಯದಾಗಿ ಸೇರಿಸಿಕೊಟ್ಟ. ಅದರಿಂದ ಮೇಲ್ ಹೋಗುತ್ತದೆ, ಆದರೆ ಗ್ರಾಹಕರ ಸ್ಪ್ಯಾಮ್‌ಗೆ ಬೀಳುತ್ತದೆ. ಇತ್ತೀಚೆಗೆ ಒಂದೇ ವರದಿ ಮೂರು ಸಲ ಹೋಗಿ, ‘ಇದರಲ್ಲಿ ಯಾವುದು ಅಂತಿಮ?’ ಎಂದು ಕಾರ್ಖಾನೆಯವರು ಕೇಳಿದರು. ಒಬ್ಬರು ವಿಪಿಎನ್ (ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಏರ್ಪಾಡು) ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ತೆಗೆದುಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬರು ಲ್ಯಾಪ್‌ಟಾಪ್‌ನಲ್ಲೇ ಮೇಲ್ ಸರ್ವರ್ ಹಾಕಿಬಿಡಿ ಎನ್ನುತ್ತಾರೆ. ವರದಿಗಳು ಫೋಟೊ ಸೇರಿ 12ರಿಂದ 18 ಎಂಬಿ ಆಗುತ್ತವೆ. ಸೆಟ್ಟಿಂಗ್‌ನ ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮದು ಒಂದು ತೊಂದರೆಯಲ್ಲ, ಮೂರು. ಹೊರಗಿದ್ದಾಗ ಮೇಲ್ ಹೋಗದಿರುವುದು ಒಂದು, ಹೋದದ್ದು ಸ್ಪ್ಯಾಮ್‌ಗೆ ಬೀಳುವುದು ಇನ್ನೊಂದು, ಹೋದದ್ದೇ ಮತ್ತೆ ಮತ್ತೆ ಹೋಗುವುದು ಮಗದೊಂದು. ಮೂರಕ್ಕೂ ಕಾರಣ ಬೇರೆ ಬೇರೆ. ಆದರೆ ಮೊದಲೆರಡರ ಬೇರು ಒಂದೇ ಕಡೆ ಇದೆ: ಈಗಿನ ಸೆಟ್ಟಿಂಗ್‌ನಲ್ಲಿ ನಿಮ್ಮ ಮೇಲ್ ಹೋಗುವುದೋ ಬಿಡುವುದೋ ಎಂಬುದು ನೀವು ಎಲ್ಲಿ ಕುಳಿತಿದ್ದೀರಿ ಎಂಬುದರ ಮೇಲೆ ನಿಂತಿದೆ. ಅದು ನೀವು ಯಾರು ಎಂಬುದರ ಮೇಲೆ ನಿಲ್ಲಬೇಕು. ಅಷ್ಟು ಸರಿಯಾದರೆ ಮಂಡ್ಯವೂ ಒಂದೇ, ಮಸ್ಕತ್ತೂ ಒಂದೇ. ಸಣ್ಣ ಸಂಸ್ಥೆಗಳ ಮೇಲ್ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಊರೂರು ತಿರುಗುವ ಸರ್ವಿಸ್ ಎಂಜಿನಿಯರ್‌ಗಳು, ಆಡಿಟರ್‌ಗಳು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ. ವರದಿ ತಡವಾದರೆ ಬಿಲ್ ತಡವಾಗುತ್ತದೆ ಎನ್ನುವ ಆತಂಕ ಅವರದೂ ಹೌದು, ನಿಮ್ಮದೂ ಹೌದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೇಲ್ ಬರುತ್ತದೆ, ಹೋಗುವುದಿಲ್ಲ ಏಕೆ?

‘ಬರುತ್ತಿದೆ ಎಂದರೆ ನೆಟ್ ಸರಿ ಇದೆ, ನೆಟ್ ಸರಿ ಇದ್ದರೆ ಹೋಗಲೇಬೇಕು’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮೇಲ್ ತರುವ ವ್ಯವಸ್ಥೆ ಬೇರೆ, ಕಳಿಸುವ ವ್ಯವಸ್ಥೆ ಬೇರೆ. ನಿಮ್ಮ ಚಿತ್ರಗಳಲ್ಲೇ ಅದು ಕಾಣುತ್ತದೆ. ಮೇಲ್ ತರುವುದಕ್ಕೆ ನಿಮ್ಮ ಡೊಮೇನ್‌ನ ಸರ್ವರ್, ಐಮ್ಯಾಪ್ ಎಂಬ ವಿಧಾನ, ಪೋರ್ಟ್ 993 (ಪೋರ್ಟ್ ಎಂದರೆ ಸರ್ವರ್‌ನ ಬಾಗಿಲಿನ ಸಂಖ್ಯೆ ಎನ್ನಿ), ಜೊತೆಗೆ ಪಾಸ್‌ವರ್ಡ್ ಇದೆ. ಅದು ಯಾವ ಊರಿನಿಂದ ಕೇಳಿದರೂ ಪಾಸ್‌ವರ್ಡ್ ನೋಡಿ ಮೇಲ್ ಕೊಡುತ್ತದೆ. ಕಳಿಸುವುದಕ್ಕೆ ಮಾತ್ರ ಮನೆಯ ಬ್ರಾಡ್‌ಬ್ಯಾಂಡ್ ಕಂಪನಿಯ ಸರ್ವರ್ ಇದೆ, ಪೋರ್ಟ್ 25 ಇದೆ, ಪಾಸ್‌ವರ್ಡ್ ಜಾಗದಲ್ಲಿ ‘ಬೇಡ’ ಎಂದಿದೆ. ಬ್ರಾಡ್‌ಬ್ಯಾಂಡ್ ಹಾಕಿಸಿದ ದಿನ ಯಾರೋ ಮಾಡಿಕೊಟ್ಟ ಸೆಟ್ಟಿಂಗ್ ಇರಬೇಕು.

ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದು. ಅದರಲ್ಲಿ ‘ನೀನು ಯಾರು’ ಎಂದು ಕೇಳುವ ಏರ್ಪಾಡೇ ಇರಲಿಲ್ಲ. ಯಾರು ಮೇಲ್ ಕೊಟ್ಟರೂ ಸರ್ವರ್ ತೆಗೆದುಕೊಂಡು ಮುಂದಕ್ಕೆ ಕಳಿಸುತ್ತಿತ್ತು. ತೊಂಬತ್ತರ ದಶಕದಲ್ಲಿ ಸ್ಪ್ಯಾಮ್ ಕಳಿಸುವವರು ಇದನ್ನೇ ಬಳಸಿಕೊಂಡಾಗ ಕಂಪನಿಗಳು ಸುಲಭದ ದಾರಿ ಹಿಡಿದವು: ನಮ್ಮ ಸಂಪರ್ಕದೊಳಗಿನಿಂದ ಬಂದ ಮೇಲ್ ಮಾತ್ರ ತೆಗೆದುಕೊಳ್ಳುತ್ತೇವೆ, ಹೊರಗಿನದು ಬೇಡ. ನಿಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಮುಖ ನೋಡಿ ಉದ್ರಿ ಕೊಡುತ್ತಾರೆ, ಬೆಳಗಾವಿಯಲ್ಲಿ ಯಾರು ಕೊಡುತ್ತಾರೆ? ಮನೆಯಲ್ಲಿ ಪಾಸ್‌ವರ್ಡ್ ಇಲ್ಲದೆ ಮೇಲ್ ಹೋಗುತ್ತಿರುವುದು ಆ ಬಗೆಯ ಪರಿಚಯದಿಂದ. ಲಾಡ್ಜ್‌ನಿಂದ ಅದೇ ಸರ್ವರನ್ನು ಕೇಳಿದರೆ ‘ರಿಲೇ ಆಕ್ಸೆಸ್ ಡಿನೈಡ್’, ಅಂದರೆ ನಿನ್ನ ಮೇಲನ್ನು ಮುಂದಕ್ಕೆ ಕಳಿಸುವುದಿಲ್ಲ ಎಂಬ ಉತ್ತರ ಬರುತ್ತದೆ, 554 ಎಂಬ ಸಂಖ್ಯೆಯ ಜೊತೆ.

ಎಷ್ಟೋ ಸಲ ಅಷ್ಟು ಉತ್ತರವೂ ಬರುವುದಿಲ್ಲ, ಸುಮ್ಮನೆ ‘ಟೈಮ್ಡ್ ಔಟ್’ ಎನ್ನುತ್ತದೆ. ಆಗ ಕಾರಣ ಬೇರೆ. ವೈರಸ್ ಹೊಕ್ಕ ಕಂಪ್ಯೂಟರ್‌ಗಳು ಪೋರ್ಟ್ 25ರ ಮೂಲಕ ಜಗತ್ತಿನ ಸರ್ವರ್‌ಗಳಿಗೆಲ್ಲ ನೇರವಾಗಿ ಸ್ಪ್ಯಾಮ್ ಸುರಿಯುತ್ತಿದ್ದವು. ಅದನ್ನು ತಡೆಯಲು ಅನೇಕ ಇಂಟರ್‌ನೆಟ್ ಕಂಪನಿಗಳು, ಹೋಟೆಲ್‌ಗಳು, ಕಾಲೇಜುಗಳು ಆ ಪೋರ್ಟನ್ನೇ ಮುಚ್ಚಿವೆ. ಗೂಗಲ್ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಸರ್ವರ್‌ನಿಂದಲೂ ಪೋರ್ಟ್ 25ರಲ್ಲಿ ಸಾಮಾನ್ಯವಾಗಿ ಹೊರಗೆ ಮೇಲ್ ಕಳಿಸಲಾಗದು. ಆದ್ದರಿಂದ ಲಾಡ್ಜ್‌ನವರ ಮೇಲೆ ಸಿಟ್ಟಾಗಬೇಡಿ, ಆ ತಡೆ ಇರುವುದೇ ಒಳ್ಳೆಯದು. ‘ವೈ-ಫೈ ಸ್ಲೋ ಇದೆ, ಅದಕ್ಕೇ ಹೋಗುತ್ತಿಲ್ಲ’ ಎಂಬ ಮಾತನ್ನೂ ಇಲ್ಲಿಗೆ ಬಿಡಿ. ನಿಧಾನವಾದ ನೆಟ್‌ನಲ್ಲಿ ಮೇಲ್ ನಿಧಾನವಾಗಿ ಹೋಗುತ್ತದೆ, ಹೀಗೆ ಪ್ರತಿ ಸಲವೂ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರ ಬಂದು ಕಾಲು ಶತಮಾನ ದಾಟಿದೆ. 1998ರಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಿದರು: ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗಿಸಲು ಪೋರ್ಟ್ 25, ಬಳಕೆದಾರ ತನ್ನ ಸರ್ವರ್‌ಗೆ ಮೇಲ್ ಒಪ್ಪಿಸಲು ಪೋರ್ಟ್ 587. ಮರುವರ್ಷ, ಮೇಲ್ ಒಪ್ಪಿಸುವಾಗ ಲಾಗಿನ್ ಕೇಳುವ ನಿಯಮವೂ ಬಂತು. ಪೋರ್ಟ್ 25 ಮುಚ್ಚಿದರೂ 587ನ್ನು ಮಾತ್ರ ಮುಚ್ಚಕೂಡದು ಎಂದು 2007ರ ಆರ್‌ಎಫ್‌ಸಿ 5068 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್‌ನ ನಿಯಮಗಳನ್ನು ಬರೆದಿಡುವ ದಾಖಲೆ) ಇಂಟರ್‌ನೆಟ್ ಕಂಪನಿಗಳಿಗೆ ಸ್ಪಷ್ಟವಾಗಿಯೇ ಹೇಳಿದೆ. ಪ್ರಯಾಣದಲ್ಲಿರುವವರಿಗಾಗಿಯೇ ಇಟ್ಟ ಬಾಗಿಲು ಅದು. 2018ರಲ್ಲಿ ಆರ್‌ಎಫ್‌ಸಿ 8314 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊದಲ ಅಕ್ಷರದಿಂದಲೇ ಟಿಎಲ್‌ಎಸ್ ಗೂಢಲಿಪಿಯಲ್ಲಿ ಮಾತಾಡುವ ಪೋರ್ಟ್ 465ನ್ನು ಶಿಫಾರಸು ಮಾಡಿತು.

ನಾನೂ 465ನ್ನೇ ಮೊದಲು ಹೇಳುತ್ತೇನೆ. 587ರಲ್ಲಿ ಮಾತುಕತೆ ಬಯಲಾಗಿ ಶುರುವಾಗುತ್ತದೆ, ಆಮೇಲೆ ‘ಸ್ಟಾರ್ಟ್‌ಟಿಎಲ್‌ಎಸ್’ ಎಂಬ ಆದೇಶದಿಂದ ಗೂಢಲಿಪಿಗೆ ತಿರುಗುತ್ತದೆ. ಆ ತಿರುವಿನಲ್ಲಿ ಅಪಾಯವಿದೆ. ಕೆಲವು ಫೈರ್‌ವಾಲ್‌ಗಳು ಆ ಆದೇಶವನ್ನೇ ಅಳಿಸಿ, ಅದರ ಜಾಗದಲ್ಲಿ ಎಕ್ಸ್ ಅಕ್ಷರಗಳನ್ನು ತುಂಬುತ್ತಿದ್ದುದು ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ನಿಮ್ಮ ಮೇಲ್ ಪ್ರೋಗ್ರಾಂ ‘ಇದ್ದರೆ ಟಿಎಲ್‌ಎಸ್, ಇಲ್ಲದಿದ್ದರೆ ಹಾಗೆಯೇ’ ಎಂಬ ಹಳೆಯ ಆಯ್ಕೆಯಲ್ಲಿದ್ದರೆ ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತದೆ. 2021ರಲ್ಲಿ ಜರ್ಮನಿಯ ಸಂಶೋಧಕರು ಈ ತಿರುವಿಗೆ ಸಂಬಂಧಿಸಿದ 40ಕ್ಕೂ ಹೆಚ್ಚು ದೋಷಗಳನ್ನು ಮೇಲ್ ಪ್ರೋಗ್ರಾಂ ಮತ್ತು ಸರ್ವರ್‌ಗಳಲ್ಲಿ ತೋರಿಸಿಕೊಟ್ಟರು. 465ರಲ್ಲಿ ಆ ತಿರುವೇ ಇಲ್ಲ. ಟಿಎಲ್‌ಎಸ್ ಕೂಡಿಬಂದರೆ ಮೇಲ್ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎಡಗಡೆ ಕೆಳಗೆ ಔಟ್‌ಗೋಯಿಂಗ್ ಸರ್ವರ್ ಎಂದಿರುತ್ತದೆ. ಅಲ್ಲಿ ನಿಮ್ಮ ಡೊಮೇನ್‌ಗೆ ಮೇಲ್ ಸೇವೆ ಕೊಡುವವರ ಸರ್ವರ್ ಹೆಸರು ಹಾಕಿ. ಪೋರ್ಟ್ 465, ಕನೆಕ್ಷನ್ ಸೆಕ್ಯೂರಿಟಿಯಲ್ಲಿ ಎಸ್‌ಎಸ್‌ಎಲ್/ಟಿಎಲ್‌ಎಸ್, ಅಥೆಂಟಿಕೇಶನ್‌ನಲ್ಲಿ ನಾರ್ಮಲ್ ಪಾಸ್‌ವರ್ಡ್, ಯೂಸರ್‌ನೇಮ್‌ನಲ್ಲಿ ನಿಮ್ಮ ಪೂರ್ತಿ ಇಮೇಲ್ ವಿಳಾಸ. ಪಾಸ್‌ವರ್ಡ್ ಸಾಮಾನ್ಯವಾಗಿ ಮೇಲ್ ತರಲು ಬಳಸುವುದೇ ಆಗಿರುತ್ತದೆ. ಡೊಮೇನ್‌ನ ಮೇಲ್ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನಲ್ಲಿದ್ದರೆ ಅಥೆಂಟಿಕೇಶನ್‌ನಲ್ಲಿ ಓಆತ್2 ಆರಿಸಿ, ಬ್ರೌಸರ್ ಕಿಟಕಿ ತೆರೆದು ಲಾಗಿನ್ ಕೇಳುತ್ತದೆ. ಮೈಕ್ರೋಸಾಫ್ಟ್‌ನದು 465ರಲ್ಲಿ ನಡೆಯುವುದಿಲ್ಲ, ಅದಕ್ಕೆ ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್ ಹಾಕಿ. ಬರೀ ಪಾಸ್‌ವರ್ಡ್‌ನಿಂದ ಹೊರಗಿನ ಪ್ರೋಗ್ರಾಂಗಳು ಲಾಗಿನ್ ಆಗುವುದನ್ನು ವೈಯಕ್ತಿಕ ಜಿಮೇಲ್ 2022ರ ಮೇ ಕೊನೆಗೆ ನಿಲ್ಲಿಸಿತು, ಔಟ್‌ಲುಕ್ ಡಾಟ್ ಕಾಮ್ 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು.

ಇದೇ ಸೆಟ್ಟಿಂಗ್ ಮನೆಯಲ್ಲೂ ನಡೆಯುತ್ತದೆ. ‘ಮನೆಗೆ ಒಂದು, ಹೊರಗೆ ಒಂದು’ ಎಂದು ಇಟ್ಟುಕೊಳ್ಳಬೇಡಿ. ಬ್ರಾಡ್‌ಬ್ಯಾಂಡ್ ಕಂಪನಿಯ ಸರ್ವರನ್ನು ಪಟ್ಟಿಯಿಂದ ತೆಗೆದೇ ಹಾಕಿ. ಭಾವಮೈದುನನ ಕಂಪನಿಯದನ್ನೂ ತೆಗೆಯಿರಿ. ಅದೇಕೆಂದು ಈಗ ಹೇಳುತ್ತೇನೆ.

ಸ್ಪ್ಯಾಮ್‌ಗೆ ಏಕೆ ಬೀಳುತ್ತದೆ?

ನಿಮ್ಮ ಭಾವಮೈದುನ ಕೇಡು ಮಾಡಲಿಲ್ಲ. ಅವರ ಸರ್ವರ್ ಪಾಸ್‌ವರ್ಡ್ ಕೇಳುತ್ತದೆ, ಸರಿಯಾದ ಪೋರ್ಟ್‌ನಲ್ಲಿದೆ, ಆದ್ದರಿಂದ ಮೇಲ್ ಹೊರಡುತ್ತದೆ. ತಲುಪುವ ಕಡೆ ನಡೆಯುವ ವಿಚಾರಣೆ ಬೇರೆಯದು. ಪ್ರತಿ ಡೊಮೇನ್‌ನವರೂ ‘ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಈ ಸರ್ವರ್‌ಗಳಿಗೆ ಮಾತ್ರ ಅಧಿಕಾರವಿದೆ’ ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ಗಳ ವಿಳಾಸಪಟ್ಟಿಯಲ್ಲಿ, ಬಹಿರಂಗವಾಗಿ ಬರೆದಿಡಬಹುದು, ಅದು ಎಸ್‌ಪಿಎಫ್. ಹೊರಡುವ ಮೇಲ್‌ಗೆ ಸರ್ವರ್ ಹಾಕುವ ಡಿಜಿಟಲ್ ಸಹಿ ಡಿಕೆಐಎಂ. ಇವೆರಡೂ ತಪ್ಪಿದ ಮೇಲನ್ನು ಏನು ಮಾಡಬೇಕೆಂದು ಡೊಮೇನ್‌ನವರು ಕೊಡುವ ಸೂಚನೆ ಡಿಮಾರ್ಕ್. ಕಾರ್ಖಾನೆಯ ಸರ್ವರ್ ನಿಮ್ಮ ಮೇಲ್ ಬಂದಾಗ ನೋಡುವುದು ಇದನ್ನು: ‘ಫ್ರಂ’ ಜಾಗದಲ್ಲಿ ನಿಮ್ಮ ಸಂಸ್ಥೆಯ ಹೆಸರಿದೆ, ಬಂದಿರುವುದು ಯಾವುದೋ ಬೇರೆ ಕಂಪನಿಯ ಸರ್ವರ್‌ನಿಂದ, ಸಹಿಯೂ ನಿಮ್ಮದಲ್ಲ. ನಿಮ್ಮ ಹೆಸರಿನಲ್ಲಿ ಕಳ್ಳ ಮೇಲ್ ಕಳಿಸುವವನೂ ಹಾಗೆಯೇ ಮಾಡುತ್ತಾನೆ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ. ಎಲ್ಲ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂನಲ್ಲಿ ಒಂದಾದರೂ ಇರಲೇಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ.

ಇಲ್ಲಿಯೇ ಒಂದು ಭಯವನ್ನೂ ತೆಗೆದುಬಿಡುತ್ತೇನೆ. ‘ಲಾಡ್ಜ್‌ನ ಐಪಿ ಕೆಟ್ಟದ್ದಿದ್ದರೆ ನನ್ನ ಮೇಲ್ ಸ್ಪ್ಯಾಮ್ ಆಗುತ್ತದಲ್ಲ?’ ಎಂದು ಹಲವರು ಕೇಳುತ್ತಾರೆ. ನಿಮ್ಮ ಡೊಮೇನ್‌ನ ಸರ್ವರ್‌ಗೆ ಲಾಗಿನ್ ಆಗಿ ಮೇಲ್ ಒಪ್ಪಿಸಿದ ಮೇಲೆ, ಜಗತ್ತಿಗೆ ಅದನ್ನು ಕೊಡುವುದು ಆ ಸರ್ವರ್. ತಲುಪುವವರು ತೂಗಿ ನೋಡುವುದು ಮುಖ್ಯವಾಗಿ ಅದರ ಐಪಿ, ಅದರ ಹೆಸರು. ಲಾಡ್ಜ್‌ನ ವೈ-ಫೈ ನಡುವಿನ ದಾರಿ ಅಷ್ಟೆ.

ಸೆಟ್ಟಿಂಗ್ ಬದಲಿಸಿದ ಮೇಲೆ ಊರು ಬಿಡುವ ಮೊದಲೇ ಪರೀಕ್ಷೆ ಮಾಡಿ. ಮನೆಯ ವೈ-ಫೈ ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ, ಒಂದು ಜಿಮೇಲ್ ವಿಳಾಸಕ್ಕೆ ಮೇಲ್ ಕಳಿಸಿ. ಜಿಮೇಲ್ ಅನ್ನು ಕಂಪ್ಯೂಟರ್‌ನಲ್ಲಿ ತೆರೆದು, ಆ ಮೇಲ್‌ನ ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೇಲ್ಗಡೆಯೇ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎದುರು ಪಾಸ್ ಅಥವಾ ಫೇಲ್ ಎಂದು ಬರೆದಿರುತ್ತದೆ. ಮೂರೂ ಪಾಸ್ ಆಗಬೇಕು. ಯಾವುದಾದರೂ ಇಲ್ಲದಿದ್ದರೆ ಆ ಪುಟದ ಚಿತ್ರವನ್ನು ಮೇಲ್ ಸೇವೆಯವರಿಗೆ ಕಳಿಸಿ, ಸರಿಪಡಿಸುವುದು ಅವರ ಕೆಲಸ.

ಒಂದೇ ವರದಿ ಮೂರು ಸಲ

ಇದನ್ನು ಜನ ‘ಸರ್ವರ್ ತೊಂದರೆ’ ಎಂದು ಕೈಬಿಡುತ್ತಾರೆ, ಆದರೆ ಮೂರರಲ್ಲಿ ಹೆಚ್ಚು ನಷ್ಟ ಮಾಡುವುದು ಇದೇ. ತೂಕದ ಅಂಕಿಗಳಿರುವ ವರದಿ ಎರಡೆರಡು ಸಲ ಬಂದರೆ ಓದುವವರಿಗೆ ಸಂಶಯ ಬರುವುದು ಸಹಜ.

ನೀವು ಸೆಂಡ್ ಒತ್ತಿದ ಮೇಲೆ ನಡೆಯುವುದು ಎರಡು ಕೆಲಸ. ಮೊದಲು ಥಂಡರ್‌ಬರ್ಡ್ ಎಸ್‌ಎಂಟಿಪಿ ಮೂಲಕ ಮೇಲನ್ನು ಸರ್ವರ್‌ಗೆ ಒಪ್ಪಿಸುತ್ತದೆ. ಅದು ಮುಗಿದ ಮೇಲೆ, ಅದೇ ಮೇಲ್‌ನ ಪ್ರತಿಯನ್ನು ಐಮ್ಯಾಪ್ ಮೂಲಕ ನಿಮ್ಮ ಸೆಂಟ್ ಫೋಲ್ಡರ್‌ಗೆ ಇನ್ನೊಮ್ಮೆ ಅಪ್‌ಲೋಡ್ ಮಾಡುತ್ತದೆ. ಅಂದರೆ ಅಟ್ಯಾಚ್‌ಮೆಂಟ್ ಎರಡು ಸಲ ಹೋಗುತ್ತದೆ. ಇನ್ನೊಂದು ಲೆಕ್ಕವೂ ಇದೆ: ಮೇಲ್‌ನಲ್ಲಿ ಫೈಲ್ ಹಾಗೆಯೇ ಹೋಗುವುದಿಲ್ಲ, ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿ ಮೂರನೇ ಒಂದು ಭಾಗ ದಪ್ಪವಾಗುತ್ತದೆ. ನಿಮ್ಮ 18 ಎಂಬಿ ವರದಿ ದಾರಿಯಲ್ಲಿ 24 ಎಂಬಿ ದಾಟುತ್ತದೆ. ಎರಡು ಸಲಕ್ಕೆ ಹೆಚ್ಚುಕಡಿಮೆ 50 ಎಂಬಿ. ಲಾಡ್ಜ್‌ನಲ್ಲಿ ಅಪ್‌ಲೋಡ್ ವೇಗ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕಿತೆನ್ನಿ, ಆರೂವರೆ ನಿಮಿಷ ಬೇಕು, ಅದೂ ಎಲ್ಲಿಯೂ ಕಡಿಯದಿದ್ದರೆ.

ಈಗ ನೋಡಿ: ಮೊದಲ ಕೆಲಸ ಮುಗಿದಿದೆ, ವರದಿ ಕಾರ್ಖಾನೆಗೆ ಹೊರಟಾಗಿದೆ. ಎರಡನೆಯದರ ನಡುವೆ ವೈ-ಫೈ ಕಡಿಯುತ್ತದೆ. ಪರದೆಯಲ್ಲಿ ದೋಷದ ಸಂದೇಶ ಬರುತ್ತದೆ, ಸೆಂಟ್ ಫೋಲ್ಡರ್‌ನಲ್ಲಿ ಏನೂ ಇಲ್ಲ. ‘ಹೋಗಿಲ್ಲ’ ಎಂದುಕೊಂಡು ನೀವು ಮತ್ತೆ ಸೆಂಡ್ ಒತ್ತುತ್ತೀರಿ. ನಿಮ್ಮ ಮೂರು ಪ್ರತಿಗಳ ಕಥೆ ಹೆಚ್ಚಾಗಿ ಇದೇ ಇರಬೇಕು. ಆ ದೋಷದ ಕಿಟಕಿಯನ್ನು ಓದಿ: ಸೆಂಟ್ ಫೋಲ್ಡರ್‌ಗೆ ಪ್ರತಿ ಹಾಕಲು ಆಗಲಿಲ್ಲ ಎಂಬ ಅರ್ಥದ ಮಾತಿದ್ದರೆ ಮೇಲ್ ಹೋಗಿದೆ. ಮತ್ತೆ ಕಳಿಸಬೇಡಿ.

ಎರಡನೆಯ ಕಾರಣ ಸೂಕ್ಷ್ಮ. ಮೇಲ್‌ನ ಕೊನೆಯ ಸಾಲು ಮುಟ್ಟಿದ ಮೇಲೆ ಸರ್ವರ್ ‘ತೆಗೆದುಕೊಂಡೆ’ ಎಂದು 250 ಸಂಖ್ಯೆಯ ಉತ್ತರ ಕೊಡಬೇಕು. ಸರ್ವರ್ ತೆಗೆದುಕೊಂಡಿದೆ, ಆದರೆ ಉತ್ತರ ನಿಮ್ಮನ್ನು ಮುಟ್ಟುವಷ್ಟರಲ್ಲಿ ನೆಟ್ ಹೋಯಿತು. ಲ್ಯಾಪ್‌ಟಾಪ್‌ಗೆ ಇದನ್ನು ತಿಳಿಯುವ ದಾರಿಯೇ ಇಲ್ಲ, ಅದು ಹೋಗಿಲ್ಲವೆಂದೇ ಭಾವಿಸುತ್ತದೆ. ಈ ತೊಂದರೆಯನ್ನು 1988ರ ಆರ್‌ಎಫ್‌ಸಿ 1047 ವಿವರಿಸಿದೆ, ಇಂದಿಗೂ ಅದು ಪೂರ್ತಿ ಹೋಗಿಲ್ಲ. ಆ ಉತ್ತರಕ್ಕೆ ಹತ್ತು ನಿಮಿಷವಾದರೂ ಕಾಯಬೇಕು ಎನ್ನುತ್ತದೆ ನಿಯಮಾವಳಿ, ಹಲವು ಮೇಲ್ ಪ್ರೋಗ್ರಾಂಗಳು ಅದಕ್ಕಿಂತ ಎಷ್ಟೋ ಮೊದಲೇ ಕೈಬಿಡುತ್ತವೆ.

ಇದರ ಜೊತೆಗೆ, ಎಸ್‌ಎಂಟಿಪಿಯಲ್ಲಿ ನಿಂತಲ್ಲಿಂದ ಮುಂದುವರಿಸುವುದು ಎಂಬುದಿಲ್ಲ. ವೈ-ಫೈನಿಂದ ಮೊಬೈಲ್ ಡೇಟಾಗೆ ಜಿಗಿದ ಕ್ಷಣ ನಿಮ್ಮ ಐಪಿ ಬದಲಾಗಿ ಸಂಪರ್ಕ ಸಾಯುತ್ತದೆ, 90 ಭಾಗ ಹೋಗಿದ್ದರೂ ಮತ್ತೆ ಸೊನ್ನೆಯಿಂದ. ರೈಲಿನಲ್ಲಿ ಕುಳಿತು ದೊಡ್ಡ ಮೇಲ್ ಕಳಿಸುವುದು ಇದಕ್ಕೇ ಕಷ್ಟ. ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವಾಗ, ಸುರಂಗಗಳ ನಡುವೆ ಸಿಕ್ಕಷ್ಟು ನೆಟ್‌ನಲ್ಲಿ ನಾಲ್ಕು ಸಾಲಿನ ಮೇಲ್ ಹೋದೀತು, 18 ಎಂಬಿ ಹೋಗದು.

ಹಾಗಾಗಿ ಮೊದಲು ವರದಿಯನ್ನು ಸಣ್ಣದು ಮಾಡಿ. ಮೊಬೈಲ್‌ನಲ್ಲಿ ತೆಗೆದ ಫೋಟೊಗಳ ಅಗಲವನ್ನು 1,600 ಪಿಕ್ಸೆಲ್‌ಗೆ ಇಳಿಸಿದರೂ ವೇಬ್ರಿಡ್ಜ್‌ನ ಸೀಲ್, ಡಿಸ್‌ಪ್ಲೇ ಚೆನ್ನಾಗಿ ಕಾಣುತ್ತವೆ. ಪಿಡಿಎಫ್ 3–4 ಎಂಬಿಗೆ ಇಳಿದರೆ ನಿಮ್ಮ ಅರ್ಧ ಕಷ್ಟ ಕಡಿಮೆ. ಮೂಲ ಫೋಟೊಗಳು ಬೇಕೆನ್ನುವವರಿಗೆ ಡ್ರೈವ್‌ನ ಲಿಂಕ್ ಕೊಡಿ. ಬ್ರೌಸರ್‌ನಲ್ಲಿ ತೆರೆದ ಗೂಗಲ್ ಡ್ರೈವ್‌ಗೆ ಅಪ್‌ಲೋಡ್ ಮಾಡುವಾಗ ಸಂಪರ್ಕ ಕಡಿದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಎರಡನೆಯದು, ಬಿಸಿಸಿಯಲ್ಲಿ ನಿಮ್ಮದೇ ಇನ್ನೊಂದು ವಿಳಾಸ ಹಾಕಿ, ಅದನ್ನು ಮೊಬೈಲ್‌ನಲ್ಲಿ ತೆರೆದಿಟ್ಟುಕೊಳ್ಳಿ. ಅಲ್ಲಿಗೆ ಮೇಲ್ ಬಂತೆಂದರೆ ಸರ್ವರ್ ಅದನ್ನು ತೆಗೆದುಕೊಂಡು ಮುಂದಕ್ಕೆ ಕಳಿಸಿದೆ ಎಂದೇ ಅರ್ಥ. ಸೆಂಟ್ ಫೋಲ್ಡರ್ ಹೇಳುವುದಕ್ಕಿಂತ ಇದು ಗಟ್ಟಿ ಸಾಕ್ಷಿ, ಏಕೆಂದರೆ ಸೆಂಟ್‌ನಲ್ಲಿರುವುದು ನಿಮ್ಮ ಲ್ಯಾಪ್‌ಟಾಪ್ ಹಾಕಿದ ಪ್ರತಿ. ದೋಷ ಬಂದಾಗ ಐದು ನಿಮಿಷ ಬಿಟ್ಟು ಬಿಸಿಸಿ ನೋಡಿ, ಆಮೇಲೆ ಮರುಕಳಿಸುವ ತೀರ್ಮಾನ ಮಾಡಿ. ಹಾಗೆಂದು ಬಿಸಿಸಿ ಬಂದ ಮಾತ್ರಕ್ಕೆ ಕಾರ್ಖಾನೆಗೂ ತಲುಪಿತು ಎನ್ನುವಂತಿಲ್ಲ. ಅವರ ಸರ್ವರ್ ಮಲಗಿದ್ದರೆ ನಿಮ್ಮ ಸರ್ವರ್ ನಾಲ್ಕೈದು ದಿನ ಪ್ರಯತ್ನ ಮಾಡಿ, ಆಮೇಲೆ ‘ತಲುಪಲಿಲ್ಲ’ ಎಂದು ಮೇಲ್ ಹಾಕುತ್ತದೆ. ಆ ಸೂಚನೆಗಳನ್ನು ಅಳಿಸದೆ ಓದಿ.

ಮೂರನೆಯದು, ವಿಷಯದ ಸಾಲಿನಲ್ಲಿ ವರದಿಯ ಸಂಖ್ಯೆ ಮತ್ತು ಪರಿಷ್ಕರಣೆ ಇರಲಿ. ಅಕಸ್ಮಾತ್ ಎರಡು ಸಲ ಹೋದರೂ ‘ಪರಿಷ್ಕರಣೆ 0’ ಎಂದು ಎರಡರಲ್ಲೂ ಇದ್ದರೆ ಎರಡೂ ಒಂದೇ ಎಂದು ಅವರಿಗೆ ಗೊತ್ತಾಗುತ್ತದೆ.

ವಿಪಿಎನ್, ಸ್ಟ್ಯಾಟಿಕ್ ಐಪಿ, ಸ್ವಂತ ಸರ್ವರ್

ಸ್ಟ್ಯಾಟಿಕ್ ಐಪಿ ಮನೆಯ ಸಂಪರ್ಕಕ್ಕೆ ಅಂಟಿಕೊಂಡಿರುತ್ತದೆ. ಅದು ನಿಮ್ಮ ಜೊತೆ ಬೆಳಗಾವಿಗೆ ಬರುವುದಿಲ್ಲ. ದುಡ್ಡು ಕೊಡಬೇಡಿ.

ವಿಪಿಎನ್‌ನಿಂದ ಪ್ರಯೋಜನ ಇಲ್ಲವೆಂದಲ್ಲ. ಲಾಡ್ಜ್‌ನವರು 465, 587 ಎರಡನ್ನೂ ಮುಚ್ಚಿದ್ದರೆ ಅದು ನಿಜಕ್ಕೂ ದಾರಿ ಬಿಡಿಸುತ್ತದೆ. ಆದರೆ ಪಾಸ್‌ವರ್ಡ್ ಇಲ್ಲದ ನಿಮ್ಮ ಈಗಿನ ಸೆಟ್ಟಿಂಗ್‌ಗೆ ಬಾಡಿಗೆಯ ವಿಪಿಎನ್ ಸೇರಿಸಿದರೆ ಏನೂ ಬದಲಾಗದು, ನೀವು ಆಗಲೂ ಬ್ರಾಡ್‌ಬ್ಯಾಂಡ್ ಕಂಪನಿಗೆ ಹೊರಗಿನವರೇ. ಬಾಡಿಗೆಯ ವಿಪಿಎನ್‌ಗಳಲ್ಲಿ ಹಲವು ಪೋರ್ಟ್ 25ನ್ನು ತಾವೇ ಮುಚ್ಚಿರುತ್ತವೆ. ನಿಮ್ಮ ಲಾಗಿನ್ ಇದ್ದಕ್ಕಿದ್ದಂತೆ ಬೇರೆ ದೇಶದಿಂದ ಬಂದಂತೆ ಕಂಡು ಮೇಲ್ ಸೇವೆಯವರು ಖಾತೆಯನ್ನೇ ತಡೆಯುವುದೂ ಉಂಟು. ಇನ್ನೊಂದು ಲಕ್ಷಣ ನೆನಪಿಡಿ: ವಿಪಿಎನ್ ಹಚ್ಚಿದಾಗ ಸಣ್ಣ ಮೇಲ್ ಹೋಗಿ, ಅಟ್ಯಾಚ್‌ಮೆಂಟ್ ಇರುವ ಮೇಲ್ ಮಾತ್ರ ಅರ್ಧದಲ್ಲೇ ಗಕ್ಕನೆ ನಿಂತರೆ ಪ್ಯಾಕೆಟ್‌ನ ಅಳತೆ, ಅಂದರೆ ಎಂಟಿಯು, ಹೊಂದುತ್ತಿಲ್ಲ ಎಂದರ್ಥ. ವಿಪಿಎನ್‌ನ ಸೆಟ್ಟಿಂಗ್‌ನಲ್ಲಿ ಎಂಟಿಯು 1280ಕ್ಕೆ ಇಳಿಸಿ ನೋಡಿ. ಕೊಲ್ಲಿಯ ಕೆಲವು ದೇಶಗಳಲ್ಲಿ ವಿಪಿಎನ್ ಬಳಕೆಗೆ ಕಾನೂನಿನ ಕಟ್ಟುಪಾಡುಗಳಿವೆ, ಮಸ್ಕತ್‌ಗೆ ಹೊರಡುವ ಮುನ್ನ ನಿಮ್ಮನ್ನು ಕರೆಸುವ ಸಂಸ್ಥೆಯನ್ನೇ ಕೇಳಿಕೊಳ್ಳಿ.

ಲ್ಯಾಪ್‌ಟಾಪ್‌ನಲ್ಲಿ ಮೇಲ್ ಸರ್ವರ್ ಎಂಬ ಸಲಹೆಯಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಲ್ಯಾಪ್‌ಟಾಪ್‌ನಿಂದ ನೇರವಾಗಿ ಗ್ರಾಹಕರ ಸರ್ವರ್‌ಗೆ ಮೇಲ್ ಮುಟ್ಟಿಸುವುದು ಒಂದು. ಅದನ್ನು ಖಂಡಿತ ಮಾಡಬೇಡಿ. ಪೋರ್ಟ್ 25 ಮುಚ್ಚಿರುತ್ತದೆ. ತೆರೆದಿದ್ದರೂ ಮನೆ, ಮೊಬೈಲ್, ಹೋಟೆಲ್‌ಗಳ ಐಪಿಗಳನ್ನು, ಸ್ಪ್ಯಾಮ್ ತಡೆಗೆ ಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿ ‘ಇಲ್ಲಿಂದ ನೇರ ಮೇಲ್ ಬರಬಾರದು’ ಎಂದು ಗುರುತಿಸಿಟ್ಟಿರುತ್ತದೆ. ಎಷ್ಟೋ ಸರ್ವರ್‌ಗಳು ಹೊಸಬರ ಮೇಲನ್ನು ಮೊದಲ ಸಲ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಎಂದು ಹಿಂದಕ್ಕೆ ಕಳಿಸುತ್ತವೆ, ಆ ಹೊತ್ತಿಗೆ ನೀವು ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಿರುತ್ತೀರಿ. ಇನ್ನೊಂದು ಸಂಗತಿ ಒಳ್ಳೆಯದೇ: ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಫಿಕ್ಸ್‌ನಂಥ ಸಣ್ಣ ಸರ್ವರ್ ಇಟ್ಟು, ಮೇಲ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ, ನೆಟ್ ಸಿಕ್ಕಾಗ ನಿಮ್ಮ ಡೊಮೇನ್‌ನ ಸರ್ವರ್‌ಗೇ ಲಾಗಿನ್ ಆಗಿ ಒಪ್ಪಿಸುವುದು. ಲಿನಕ್ಸ್ ಬಳಸುವವರಿಗೆ ಅದು ಸೊಗಸಾದ ಏರ್ಪಾಡು. ನಿಮಗೆ ಅದರ ಅಗತ್ಯವಿಲ್ಲ, ಥಂಡರ್‌ಬರ್ಡ್‌ನ ಔಟ್‌ಬಾಕ್ಸ್ ಅದೇ ಕೆಲಸ ಮಾಡುತ್ತದೆ. ಫೈಲ್ ಮೆನುವಿನಲ್ಲಿ ಆಫ್‌ಲೈನ್ ಆಗಿ, ರೈಲಿನಲ್ಲೋ ಕಾರ್ಖಾನೆಯ ಅಂಗಳದಲ್ಲೋ ಕುಳಿತು ಮೇಲ್ ಬರೆದು ಕಳಿಸಿ. ಅವು ಔಟ್‌ಬಾಕ್ಸ್‌ನಲ್ಲಿ ಕಾಯುತ್ತವೆ. ಒಳ್ಳೆಯ ನೆಟ್ ಸಿಕ್ಕಾಗ ಆನ್‌ಲೈನ್ ಆದರೆ ‘ಈಗ ಕಳಿಸಲೇ?’ ಎಂದು ಕೇಳುತ್ತದೆ. ಕಳಿಸಿ ಮುಗಿಯುವವರೆಗೆ ಲ್ಯಾಪ್‌ಟಾಪ್ ಮುಚ್ಚದಿದ್ದರೆ ಆಯಿತು.

ಲಾಡ್ಜ್‌ನ ವೈ-ಫೈ

ನಮ್ಮಲ್ಲಿ ಸಾರ್ವಜನಿಕ ವೈ-ಫೈ ಎಂದರೆ ಮೊಬೈಲ್ ನಂಬರ್, ಓಟಿಪಿ ಕೇಳುವ ಲಾಗಿನ್ ಪುಟ. ಅದು ಮುಗಿಯುವ ತನಕ ವೈ-ಫೈ ಗುರುತು ಪೂರ್ತಿ ಕಂಡರೂ ಹೊರಗಿನ ಸಂಪರ್ಕ ಇರುವುದಿಲ್ಲ, ಮೇಲ್ ಪ್ರೋಗ್ರಾಂಗೆ ಆ ಪುಟ ತೋರಿಸಲು ಬರುವುದಿಲ್ಲ. ಮೊದಲು ಬ್ರೌಸರ್ ತೆರೆದು ಲಾಗಿನ್ ಆಗಿ, ಆಮೇಲೆ ಥಂಡರ್‌ಬರ್ಡ್ ತೆರೆಯಿರಿ. ಮಧ್ಯರಾತ್ರಿಗೋ 24 ಗಂಟೆಗೋ ಆ ಲಾಗಿನ್ ಮುಗಿದುಹೋಗುವುದೂ ಇದೆ. ವಿಪಿಎನ್ ಹಚ್ಚಿದ್ದರೆ ಲಾಗಿನ್ ಪುಟವೇ ಬಾರದಿರಬಹುದು, ವಿಪಿಎನ್ ಆಫ್ ಮಾಡಿ ನೋಡಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಹೊರಗಿನ ವೈ-ಫೈನಲ್ಲಿ ‘ಸರ್ವರ್‌ನ ಸರ್ಟಿಫಿಕೇಟ್ ಸರಿಯಿಲ್ಲ, ಎಕ್ಸೆಪ್ಶನ್ ಸೇರಿಸಲೇ?’ ಎಂದು ಕಿಟಕಿ ಬಂದರೆ ಒಪ್ಪಲೇಬೇಡಿ. ಲಾಗಿನ್ ಪುಟದಿಂದ ಬಂದ ಅಡ್ಡಿಯೂ ಇರಬಹುದು, ನಡುವೆ ಕುಳಿತು ಯಾರೋ ನಿಮ್ಮ ಸರ್ವರ್‌ನಂತೆ ನಟಿಸುತ್ತಿರಲೂಬಹುದು. ಒಪ್ಪಿದರೆ ನಿಮ್ಮ ಪಾಸ್‌ವರ್ಡ್ ಅವರ ಕೈಗೆ. ಕಿಟಕಿ ಮುಚ್ಚಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಬನ್ನಿ. ಅಲ್ಲಿಯೂ ಅದೇ ಎಚ್ಚರಿಕೆ ಬಂದರೆ ದೋಷ ಸರ್ವರ್‌ನದು, ಸೇವೆಯವರಿಗೆ ಫೋನ್ ಮಾಡಿ.

ನಾನಂತೂ ಲಾಡ್ಜ್‌ನ ವೈ-ಫೈ ಎರಡನೆಯ ಆಯ್ಕೆ ಎನ್ನುತ್ತೇನೆ. ವರದಿ 4 ಎಂಬಿಗೆ ಇಳಿದ ಮೇಲೆ ಮೊಬೈಲ್ ಡೇಟಾ ಧಾರಾಳವಾಗಿ ಸಾಕು, ದಾರಿಯೂ ನೇರ. ಎರಡೂ ಕೈಕೊಟ್ಟರೆ ಬ್ರೌಸರ್‌ನಲ್ಲಿ ವೆಬ್‌ಮೇಲ್ ಇದೆ. ಅದು ಸಾಮಾನ್ಯವಾಗಿ ಪೋರ್ಟ್ 443ರಲ್ಲಿ, ಉಳಿದ ವೆಬ್‌ಸೈಟ್‌ಗಳಂತೆಯೇ ನಡೆಯುವುದರಿಂದ ಅದನ್ನು ಮುಚ್ಚುವವರು ಕಡಿಮೆ. ವೆಬ್‌ಮೇಲ್ ವಿಳಾಸವನ್ನು ಈಗಲೇ ಬುಕ್‌ಮಾರ್ಕ್ ಮಾಡಿಕೊಳ್ಳಿ. ಆದರೆ ಸೈಬರ್ ಕೆಫೆಯ ಅಥವಾ ಕಾರ್ಖಾನೆಯ ಕಂಪ್ಯೂಟರ್‌ನಲ್ಲಿ ಅದನ್ನು ತೆರೆಯಬೇಡಿ.

ಇನ್ನೊಂದು ತೊಂದರೆ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ನೀವು ಪಾಸ್‌ವರ್ಡ್ ಬದಲಿಸಿದ್ದೀರಿ, ಮನೆಯಲ್ಲಿರುವ ಹಳೆಯ ಫೋನ್‌ನಲ್ಲಿ ಹಳೆಯದೇ ಉಳಿದಿದೆ ಎನ್ನಿ. ಅದು ದಿನವಿಡೀ ತಪ್ಪು ಪಾಸ್‌ವರ್ಡ್‌ನಿಂದ ಬಾಗಿಲು ಬಡಿಯುತ್ತಿರುತ್ತದೆ. ಸರ್ವರ್‌ನ ರಕ್ಷಣೆಯ ಪ್ರೋಗ್ರಾಂ ಆ ಐಪಿಯನ್ನೇ ಕೆಲವು ಗಂಟೆ ತಡೆಯುತ್ತದೆ. ಆ ಫೋನನ್ನು ಜೊತೆಗೆ ಒಯ್ದರೆ ನೀವು ಹೋದಲ್ಲೆಲ್ಲ ಅರ್ಧ ಗಂಟೆ ಮೇಲ್ ನಡೆದು ಆಮೇಲೆ ‘ಟೈಮ್ಡ್ ಔಟ್’. ಜಾಗ ಬದಲಿಸಿದಾಗ ಸರಿಹೋಗಿ ಮತ್ತೆ ಕೆಡುವುದು ಇದರ ಗುರುತು. ಪಾಸ್‌ವರ್ಡ್ ಬದಲಿಸಿದ ದಿನ ಎಲ್ಲ ಸಾಧನಗಳಲ್ಲೂ ಬದಲಿಸಿ.

ಮಸ್ಕತ್‌ಗೆ ಹೋಗುವಾಗ

ಎರಡು ಹಂತದ ಲಾಗಿನ್ ಇದ್ದು, ಓಟಿಪಿ ಎಸ್‌ಎಂಎಸ್‌ನಲ್ಲಿ ಬರುವುದಾದರೆ ರೋಮಿಂಗ್ ಇಲ್ಲದ ಸಿಮ್‌ಗೆ ಅದು ಬರುವುದಿಲ್ಲ. ಹೊಸ ದೇಶದಿಂದ ಲಾಗಿನ್ ಆದಾಗಲೇ ಓಟಿಪಿ ಕೇಳುವ ಸಾಧ್ಯತೆಯೂ ಹೆಚ್ಚು. ಹೊರಡುವ ಮುನ್ನ ಅಥೆಂಟಿಕೇಟರ್ ಆ್ಯಪ್‌ಗೆ ಬದಲಾಯಿಸಿಕೊಳ್ಳಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್‌ನಿಂದ ಬೇರೆಯಾಗಿ ಇಟ್ಟುಕೊಳ್ಳಿ. ಗಡಿಯಾರವನ್ನು ಕೈಯಿಂದ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಡಿ, ಟೈಮ್ ಝೋನ್ ಬದಲಿಸಿ. ಕೈಯಿಂದ ತಿರುಗಿಸಿದರೆ ನಿಮ್ಮ ಮೇಲ್‌ಗಳ ಮೇಲೆ ತಪ್ಪು ವೇಳೆ ಬಿದ್ದು, ಗ್ರಾಹಕರ ಪಟ್ಟಿಯಲ್ಲಿ ಹಳೆಯ ಮೇಲ್‌ಗಳ ಕೆಳಗೆ ಹೂತುಹೋಗಬಹುದು. ಆ ಸಾಧನದಲ್ಲೇ ಅಥೆಂಟಿಕೇಟರ್ ಇದ್ದರೆ ಅದರ ಕೋಡ್‌ಗಳೂ ತಪ್ಪಾಗುತ್ತವೆ.

ಕೊನೆಗೆ, ನಿಮ್ಮ ಡೊಮೇನ್‌ನ ಮೇಲ್ ಸೇವೆಯವರನ್ನು ಹೀಗೆ ಕೇಳಿ: ಲಾಗಿನ್ ಇರುವ ಪೋರ್ಟ್ 465 ಇದೆಯೇ, ಅದು ಮುಚ್ಚಿದ ಕಡೆಗೆ 587 ಅಥವಾ 2525ರಂಥ ಬದಲಿ ಪೋರ್ಟ್ ಇದೆಯೇ, ನಮ್ಮ ಡೊಮೇನ್‌ಗೆ ಡಿಕೆಐಎಂ ಹಾಕಿದ್ದೀರಾ? ಇದಕ್ಕೆಲ್ಲ ಹೌದು ಎಂದರೆ ಖರ್ಚಿಲ್ಲದೆ ಒಂದು ಸಂಜೆಯಲ್ಲಿ ಎಲ್ಲ ಮುಗಿಯುತ್ತದೆ. ಲಾಗಿನ್ ಇರುವ ಪೋರ್ಟೇ ಇಲ್ಲ ಎಂದರೆ ಸೇವೆ ಬದಲಿಸಿ. ಡೊಮೇನ್ ಹೆಸರು, ಇಮೇಲ್ ವಿಳಾಸ ಎರಡೂ ನಿಮ್ಮವೇ ಆಗಿ ಉಳಿಯುತ್ತವೆ, ಬದಲಾಗುವುದು ಡಿಎನ್‌ಎಸ್‌ನ ಎಂಎಕ್ಸ್ (ನಿಮಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು), ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳು. ಹಂಗಾಮಿನ ನಡುವೆ ಈ ಕೆಲಸಕ್ಕೆ ಕೈಹಾಕಬೇಡಿ. ಹಳೆಯ ಮೇಲ್‌ಗಳ ಪ್ರತಿ ತೆಗೆದಿಟ್ಟುಕೊಂಡು, ಹಳೆಯ ಪೆಟ್ಟಿಗೆಯನ್ನು ಒಂದು ವಾರವಾದರೂ ತೆರೆದಿಡಿ. ಕೆಲವು ಸರ್ವರ್‌ಗಳಿಗೆ ಹೊಸ ವಿಳಾಸ ಗೊತ್ತಾಗುವುದು ತಡವಾಗಿ, ಅಷ್ಟರವರೆಗೆ ಮೇಲ್ ಅಲ್ಲಿಗೂ ಬರುತ್ತಿರುತ್ತದೆ.